ತೊರಕೆಯೂ ಮರಗಪ್ಪೆಯೂ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನ ಅಂಗಡಿಗಳಲ್ಲಿ ಒಮ್ಮೊಮ್ಮೆ ಮೊರದಂತೆ ಚಪ್ಪಟೆಯಾದ, ಚಾಟಿಯಂಥ ಬಾಲವುಳ್ಳ ತೊರಕೆ ಮೀನನ್ನು ಕಾಣಬಹುದು. ಮಳೆಗಾಲದ ರಾತ್ರಿ ಹಿತ್ತಲ ಗಿಡದಲ್ಲೋ ಬಚ್ಚಲ ಗೋಡೆಯಲ್ಲೋ ಮರಗಪ್ಪೆ ಅಂಟಿ ಕುಳಿತಿರುತ್ತದೆ. ಇವೆರಡನ್ನೂ ಕುರಿತು ನಾವು ಎರಡು ಪ್ರಶ್ನೆಗಳನ್ನು ಕೇಳೋಣ: ಇವು ಯಾರ ಬಂಧುಗಳು? ಇವುಗಳಿಗೆ ಒದಗಿರುವ ಅಪಾಯವೆಷ್ಟು?

ಎರಡೂ ಕಶೇರುಕಗಳೇ. ಆದರೆ ತೊರಕೆಯ ಅಸ್ಥಿಪಂಜರವು ಗಟ್ಟಿ ಎಲುಬಿನದಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯದು. ಆದುದರಿಂದ ಅದನ್ನು ಶಾರ್ಕಿನೊಡನೆ ಮೃದ್ವಸ್ಥಿ ಮೀನುಗಳ ವರ್ಗಕ್ಕೆ ಸೇರಿಸಿದ್ದಾರೆ. ಶಾರ್ಕಿಗೆ ಕಿವಿರಿನ ಸೀಳುಗಳು ಪಕ್ಕದಲ್ಲಿವೆ. ತೊರಕೆಗೆ ಹೊಟ್ಟೆಯ ಕಡೆಗಿವೆ. ನಮ್ಮ ಮರಗಪ್ಪೆ, ಅಂದರೆ ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್, ಉಭಯಚರ ವರ್ಗದ್ದು. ಅದಕ್ಕೆ ಎಲುಬಿನ ಅಸ್ಥಿಪಂಜರ, ನಾಲ್ಕು ಕಾಲು, ಶ್ವಾಸಕೋಶಗಳುಂಟು. ತೊರಕೆಯ ಪೂರ್ವಿಕರ ಕವಲು 40 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾಯಿತು. ಹೀಗಾಗಿ ಕಪ್ಪೆಯು ತೊರಕೆಗಿಂತ ನಮಗೇ ಹತ್ತಿರದ ಬಂಧು!

ಅಪಾಯದ ಲೆಕ್ಕ ಬೇರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಲ್ಲಿ ಆರಂಭಿಸಿದ ಕೆಂಪು ಪಟ್ಟಿಯು ವರ್ಗವನ್ನು ನೋಡುವುದಿಲ್ಲ; ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿ ತೂಗುತ್ತದೆ. ಅದರ ಒಂದು ಒರೆಗಲ್ಲು ಹೀಗಿದೆ: 10 ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ದೀರ್ಘವಾದ ಅವಧಿಯಲ್ಲಿ ಜಾತಿಯ ಸಂಖ್ಯೆ ಶೇಕಡ 80ರಷ್ಟು ಕುಸಿದು, ಕುಸಿತದ ಕಾರಣಗಳು ಇನ್ನೂ ಉಳಿದಿದ್ದರೆ ಅದು ‘ತೀವ್ರ ಅಪಾಯದಲ್ಲಿದೆ’. ತೊರಕೆಯ ಬಳಗದ್ದೇ ಆದ ದೊಡ್ಡ ಗರಗಸಮೀನು ಈ ಸಾಲಿನಲ್ಲಿದೆ. ಮರಗಪ್ಪೆಯಾದರೋ ‘ಕನಿಷ್ಠ ಕಳವಳ’ದ ಸಾಲಿನಲ್ಲಿದೆ.

ಈ ಅಂತರವೇಕೆ? ಗರಗಸಮೀನು ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಒಂದು ಸೂಲಿಗೆ ಕೆಲವೇ ಮರಿಗಳು. ಹಲ್ಲಿನ ಮೂತಿಯು ಬಲೆಗೆ ಸಿಕ್ಕಿದರೆ ಬಿಡಿಸಿಕೊಳ್ಳಲಾರದು. ಸತ್ತವುಗಳ ಸ್ಥಾನವನ್ನು ಹುಟ್ಟುವವು ತುಂಬುವುದಿಲ್ಲ. 2001ರಲ್ಲಿ ಭಾರತ ಸರ್ಕಾರವು ಗರಗಸಮೀನುಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ನೀಡಿತು. ಮರಗಪ್ಪೆಯಾದರೆ ನೀರಿನ ಮೇಲೆ ಬಾಗಿದ ಎಲೆಯಲ್ಲೋ ತೊಟ್ಟಿಯ ಗೋಡೆಯಲ್ಲೋ ನೊರೆಯ ಗೂಡು ಕಟ್ಟಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ.

ಆದರೆ ‘ಕನಿಷ್ಠ ಕಳವಳ’ವೆಂಬುದು ಇಡೀ ಜಾತಿಯ ಮಾತು, ನಮ್ಮ ಬೀದಿಯದಲ್ಲ. ದೊಮ್ಮಲೂರಿನ ಬಳಿಯ ಚಲ್ಲಘಟ್ಟ ಕೆರೆಯಿದ್ದ ನೆಲದಲ್ಲಿ ಈಗ ಗಾಲ್ಫ್ ಮೈದಾನವಿದೆ. ನೊರೆಗೂಡಿನ ಕೆಳಗೆ ನೀರೇ ಇಲ್ಲವಾದರೆ ಗೊದಮೊಟ್ಟೆಗಳು ಒಣನೆಲಕ್ಕೆ ಬೀಳುತ್ತವೆ. ಈ ಮಳೆಗಾಲದಲ್ಲಿ ನಿಮ್ಮ ಮನೆಯ ತೊಟ್ಟಿಯಂಚಿನಲ್ಲಿ ಬಿಳಿಯ ನೊರೆಯ ಮುದ್ದೆ ಕಂಡರೆ, ಅದನ್ನು ತೊಳೆದುಬಿಡದೆ ಕೆಲವು ದಿನ ಕಾದು ನೋಡಿ.