ನಿವೃತ್ತ ವಕೀಲರ ಒಂದು ತಾಸು

ಮಕ್ಕಾಕ್ಕೆ ಸರಕು ತಂದಿದ್ದ ಯಮನ್‌ನ ವ್ಯಾಪಾರಿಯಿಂದ ಅಲ್ಲಿನ ಪ್ರಮುಖನೊಬ್ಬ ಮಾಲು ಪಡೆದು ಹಣ ಕೊಡಲಿಲ್ಲ. ಪರವೂರಿನವನ ಬೆನ್ನಿಗೆ ನಿಲ್ಲಲು ಅಲ್ಲಿ ಯಾರೂ ಇರಲಿಲ್ಲ. ಆಗ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಜೊತೆಗಿರುತ್ತೇವೆಂದು ಮಾತು ಕೊಟ್ಟರು. ಹಿಲ್ಫುಲ್ ಫುಝೂಲ್ ಎಂಬ ಆ ಒಪ್ಪಂದದಲ್ಲಿ ಯುವಕರಾಗಿದ್ದ ಪ್ರವಾದಿ ಮುಹಮ್ಮದ್(ಸ) ಕೂಡ ಇದ್ದರು. ಖುತ್ಬಾಗಳಲ್ಲಿ ಈ ಪ್ರಸಂಗವನ್ನು ನಾವು ಹಲವು ಬಾರಿ ಕೇಳಿದ್ದೇವೆ. ಆ ವ್ಯಾಪಾರಿ ದಾನ ಕೇಳಲಿಲ್ಲ, ತನ್ನ ಹಣ ಕೇಳಿದ ಎಂಬುದನ್ನು ಮಾತ್ರ ಮರೆಯುತ್ತೇವೆ.

ಉಚಿತ ಕಾನೂನು ನೆರವೂ ದಾನವಲ್ಲ. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾಯಿತು. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಬಂದರೆ ಆದಾಯ ಕೇಳುವಂತಿಲ್ಲ. ಉಳಿದವರಿಗೆ ಆದಾಯ ಮಿತಿ ಇದೆ. ಅದಕ್ಕೆ ಸಾಮಾನ್ಯವಾಗಿ ಒಂದು ಅಫಿಡವಿಟ್ ಸಾಕು. ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು.

ಇಷ್ಟಿದ್ದರೂ ನರೋಣಾದಂಥ ಊರಿನ ವಿಧವೆ ಆಳಂದದ ಕೋರ್ಟಿನ ಮೆಟ್ಟಿಲು ಹತ್ತಲು ಏಕೆ ಹಿಂಜರಿಯುತ್ತಾಳೆ? ಬಸ್ ಖರ್ಚು, ಒಂದು ದಿನದ ಕೂಲಿ, ಜನ ಏನೆಂದಾರು ಎಂಬ ಅಳುಕು. ಬಿಟ್ಟಿ ವಕೀಲ ಸರಿಯಾಗಿ ವಾದಿಸುವನೇ ಎಂಬ ಅನುಮಾನ ಬೇರೆ. ಗಂಡ ತೀರಿದ ಮೇಲೆ ಹೊಲದ ಪಹಣಿ ಮೈದುನರ ಹೆಸರಿಗೆ ಹೋದದ್ದು ಅವಳಿಗೆ ತಿಳಿಯುವುದು ಬಹಳ ತಡವಾಗಿ.

ನಿವೃತ್ತ ವಕೀಲರು ಬೇಕಾಗುವುದು ಇಲ್ಲೇ. ಸನ್ನದು ಚಾಲ್ತಿಯಲ್ಲಿಲ್ಲದವರು ಕೋರ್ಟಿನಲ್ಲಿ ವಾದಿಸಲಾಗದು, ನಿಜ. ಆದರೆ ನೋಟಿಸ್ ಓದಿ ಅದರಲ್ಲಿ ಏನಿದೆಯೆಂದು ಹೇಳಲು, ಅರ್ಜಿ ಬರೆದುಕೊಡಲು, ಯಾವ ಕಾಗದ ಯಾವ ಕಚೇರಿಗೆ ಎಂದು ತಿಳಿಸಲು ಕರಿಕೋಟು ಬೇಕಿಲ್ಲ. ನಲವತ್ತು ವರ್ಷದ ಅನುಭವ ಬೇಕು. ಅರೆಕಾನೂನು ಸ್ವಯಂಸೇವಕರಾಗಲು ಹಿರಿಯ ನಾಗರಿಕರಿಗೂ ಅವಕಾಶವಿದೆ. ವಾರಕ್ಕೊಂದು ತಾಸು ಕೂತರೂ ಆದೀತು. ಮಸೀದಿಯ ಅಂಗಳವಾದರೂ ಸರಿ. ಪಂಚಾಯಿತಿ ಕಟ್ಟೆಯಾದರೆ ಎಲ್ಲ ಮತದವರೂ ಹಿಂಜರಿಯದೆ ಬಂದಾರು, ಅದೇ ಮೇಲೆಂದು ನಮಗನಿಸುತ್ತದೆ.

ಜೀವನಾಂಶದ ವಿಷಯದಲ್ಲಿ ಗೊಂದಲ ಹೆಚ್ಚು. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಿಗೂ ಅನ್ವಯಿಸುವ ಕಾನೂನಿನಡಿಯೂ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಸ್ಪಷ್ಟಪಡಿಸಿದೆ. 1986ರ ಕಾಯ್ದೆಯ ದಾರಿಯೂ ತೆರೆದೇ ಇದೆ. ಯಾವುದು ಅನುಕೂಲ ಎಂಬುದನ್ನು ನೆರೆಹೊರೆಯವರನ್ನು ಕೇಳಿ ತೀರ್ಮಾನಿಸಬಾರದು.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ. ಆದರೆ ಅದಕ್ಕೆ ಮೇಲ್ಮನವಿ ಇಲ್ಲ. ಹಿರಿಯರು ಒತ್ತಾಯಿಸಿದರೆಂದು ಓದದೆ ಹೆಬ್ಬೆಟ್ಟು ಒತ್ತಿದರೆ ಅದೇ ಕೊನೆ. ಸಹಿಗೆ ಮುಂಚೆ ಒಬ್ಬ ಹಳೆಯ ವಕೀಲರಿಗೆ ಕಾಗದ ತೋರಿಸುವುದು ಒಳ್ಳೆಯದು.

ಸಿವಿಲ್ ದಾವೆಯ ಸಮನ್ಸ್ ಬಂದರೆ ಲಿಖಿತ ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಸುಮ್ಮನೆ ಕೂತರೆ ಏಕಪಕ್ಷೀಯ ತೀರ್ಪಾಗಬಹುದು. ಆ ಕಾಗದ, ಆಧಾರ್, ಪಹಣಿ ಹಿಡಿದು ಆಳಂದದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಇಲ್ಲವೇ 15100ಕ್ಕೆ ಫೋನ್ ಮಾಡಿ. ಅದಕ್ಕೂ ದುಡ್ಡಿಲ್ಲ.