ಬಾಟ್ಲೊ ಮೇಲಿನ ಸೀಟು

"ಅಪ್ಪಾ, ವ್ಯಾನಲ್ಲಿ ನಾನು ಬಾಟ್ಲೊ ಮೇಲೆ ಕೂರೋದು" ಅಂದಳು ಎರಡನೇ ಕ್ಲಾಸಿನ ಮಗಳು. ನೀರಿನ ಬಾಟ್ಲಿ ಅಂದುಕೊಂಡೆ. ಆಮೇಲೆ ಹೊಳೆಯಿತು, ಗುಜರಾತಿಯಲ್ಲಿ ಬಾಟ್ಲೊ ಅಂದರೆ ಗ್ಯಾಸ್ ಸಿಲಿಂಡರ್.

ಅವಳ ಸ್ಕೂಲ್ ವ್ಯಾನ್ ಒಂದು ಹಳೆಯ ಮಾರುತಿ ಓಮ್ನಿ. ಶಿರಸಿ ಕಡೆಯವನಾದ ನನಗೆ ಅದು ನೆಂಟನಿದ್ದ ಹಾಗೆ. ನಮ್ಮಲ್ಲಿ ಅಡಿಕೆ ಚೀಲಕ್ಕೂ ಅದೇ, ಮದುವೆ ದಿಬ್ಬಣಕ್ಕೂ ಅದೇ. (ಸಿನಿಮಾದಲ್ಲಿ ಮಾತ್ರ ಪಾಪ, ಕಿಡ್ನ್ಯಾಪಿಗೆಂದೇ ಹುಟ್ಟಿದ ಗಾಡಿ.)

1984ರಲ್ಲಿ ಮಾರುತಿ ವ್ಯಾನ್ ಎಂದು ಬಂದದ್ದು 1988ರಲ್ಲಿ ಓಮ್ನಿ ಆಯಿತು. ಮೂಲ ಸುಜುಕಿಯ ಕ್ಯಾರಿ. ಉದ್ದ ಸುಮಾರು 3.37 ಮೀಟರ್, ಹೆಚ್ಚೂ ಕಡಿಮೆ ಮಾರುತಿ 800ರಷ್ಟೇ. ಎಂಜಿನ್ನೂ 800ರದ್ದೇ: 796 ಸಿಸಿ, ಮೂರು ಸಿಲಿಂಡರ್. ಆದರೆ ಅದನ್ನು ಮುಂದಿನ ಸೀಟಿನ ಕೆಳಗೆ ತಳ್ಳಿದರು. ಹಿಂದಿನ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಎರಡೂ ಪಕ್ಕ ಸರಿಯುವ ಬಾಗಿಲು, ಉಳಿದದ್ದೆಲ್ಲ ಖಾಲಿ ಜಾಗ. ಆ ಖಾಲಿ ಜಾಗದಲ್ಲೇ ಅದರ ಅವತಾರಗಳೆಲ್ಲ: 5 ಸೀಟು, 8 ಸೀಟು, ಹಿಂದೆ ಸೀಟೇ ಇಲ್ಲದ ಕಾರ್ಗೋ, ಸ್ಟ್ರೆಚರ್ ಹಿಡಿಸುವ ಆಂಬುಲೆನ್ಸ್, ಎಲ್‌ಪಿಜಿ.

ಜಾಗವೇನೋ ಸಿಕ್ಕಿತು, ಮೂತಿ ಹೋಯಿತು. ಎದುರಿನಿಂದ ಏನಾದರೂ ಗುದ್ದಿದರೆ ಡ್ರೈವರನ ಮೊಣಕಾಲಿನ ಮುಂದೆ ಇರುವುದು ತಗಡೊಂದೇ. ಅಪಘಾತ ಸುರಕ್ಷತೆಯ ಹೊಸ ನಿಯಮಗಳು ಬಂದಾಗ, 2019ರಲ್ಲಿ, ಓಮ್ನಿ ತಯಾರಿಕೆ ನಿಂತಿತು. 2010ರಲ್ಲೇ ಬಂದಿದ್ದ ಈಕೋಗೆ ಸಣ್ಣದೊಂದು ಮೂತಿಯಾದರೂ ಇದೆ.

ಕೆಲಸದ ಮೇಲೆ ಸೂರತ್‌ಗೆ ಹೋದರೆ ರಿಂಗ್ ರೋಡಿನ ಜವಳಿ ಮಾರ್ಕೆಟ್ಟಿನಲ್ಲಿ ಸೀರೆ ಪಾರ್ಸೆಲ್ ತುಂಬಿದ ವ್ಯಾನು ಕಾಣುತ್ತದೆ. ವಡೋದರಾಕ್ಕೆ ಹೋಗಬೇಕೆಂದು ಅಹಮದಾಬಾದಿನ ಸಿಟಿಎಂ ಸರ್ಕಲ್ಲಿನಲ್ಲಿ ನಿಂತರೆ "ಬರೋಡಾ, ಬರೋಡಾ" ಎಂದು ಕೂಗುವ ಈಕೋಗಳು. ನಾನೂ ಎಷ್ಟೋ ಸಲ ಕೊನೇ ಸೀಟಿನಲ್ಲಿ ಮುದುಡಿ ಕೂತು ಹೋಗಿದ್ದೇನೆ. ದೊಡ್ಡವರ ಮಾತು ಬೇರೆ ಬಿಡಿ, ನಾವು ನೋಡಿಯೇ ಹತ್ತುತ್ತೇವೆ.

ಮರುದಿನ ಬೆಳಿಗ್ಗೆ ವ್ಯಾನಿನ ಭಾಯಿಗೆ ಹಿಂದಿನ ಸೀಟು ಎತ್ತಿ ತೋರಿಸಿ ಎಂದೆ. ಸಂಕೋಚವಿಲ್ಲದೆ ಎತ್ತಿದರು. ಸೀಟಲ್ಲ, ರೆಕ್ಸಿನ್ ಹೊದಿಸಿದ ಹಲಗೆ. ಕೆಳಗೆ ಸಿಎನ್‌ಜಿ ಸಿಲಿಂಡರ್. ಸಿಎನ್‌ಜಿ ಹಾಕಿಸಿದ್ದು ತಪ್ಪಲ್ಲ, ಆರ್‌ಸಿ ಪುಸ್ತಕದಲ್ಲಿ ನಮೂದಾಗಿತ್ತು. ಆದರೆ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಬೇಕು. ಪ್ಲೇಟಿನ ಮೇಲಿನ ತಾರೀಖು ದಾಟಿ ಐದು ತಿಂಗಳಾಗಿತ್ತು. 5 ಸೀಟಿನ ಗಾಡಿಯಲ್ಲಿ ಮಕ್ಕಳು ಹದಿಮೂರು.

ರೇಗಬೇಕೆಂದಿದ್ದೆ, ಬಾಯಿ ಬರಲಿಲ್ಲ. 2024ರ ಮೇ ತಿಂಗಳ ರಾಜಕೋಟ್ ಗೇಮ್ ಝೋನ್ ಬೆಂಕಿ ಅನಾಹುತದ ನಂತರ ಆರ್‌ಟಿಒದವರು ಶಾಲಾ ವ್ಯಾನುಗಳ ತಪಾಸಣೆಗೆ ಇಳಿದಿದ್ದರು. ಜೂನ್‌ನಲ್ಲಿ ಅಹಮದಾಬಾದಿನ ವ್ಯಾನಿನವರು ಮುಷ್ಕರ ಹೂಡಿದ್ದರು. ಆಗ ಆಫೀಸಿಗೆ ತಡವಾಗುತ್ತದೆಂದು ತಪಾಸಣೆಗೆ ಬೈದವರಲ್ಲಿ ನಾನೂ ಒಬ್ಬ.

"ಮಕ್ಕಳನ್ನು ಕಡಿಮೆ ಮಾಡಿದರೆ ಗಾಡಿ ಹೇಗೆ ಓಡಿಸಲಿ, ಸಾಹೇಬ್?" ಎಂದರು ಭಾಯಿ. ಲೆಕ್ಕ ಹಾಕಿದರೆ ಅದೂ ನಿಜವೇ. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ವಾರ ಜಗಳ ನಡೆಯಿತು. ಕೊನೆಗೆ ಏಳು ಮನೆಯವರು ತಿಂಗಳಿಗೆ ಆರುನೂರು ಹೆಚ್ಚು ಕೊಡಲು ಒಪ್ಪಿದೆವು, ಉಳಿದವರು ಬೇರೆ ವ್ಯಾನ್ ಹುಡುಕಿಕೊಂಡರು. ಅದರಲ್ಲಿ ಎಷ್ಟು ಮಕ್ಕಳೋ, ನಾನು ಕೇಳಲಿಲ್ಲ.

ಸಿಲಿಂಡರಿನ ಪರೀಕ್ಷೆ ಆಯಿತು. ಹಲಗೆ ಇನ್ನೂ ಇದೆ, ಅದರ ಮೇಲೆ ಈಗ ಸ್ಕೂಲ್ ಬ್ಯಾಗುಗಳು ಕೂರುತ್ತವೆ.