ಕ್ಷೌರದ ಕುಂಚ: ಕಸುಬಿನ ಕ್ರಿಯೆ ಮತ್ತು ಪದದ ಅರ್ಥ

ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ, ಗುಡಿಬಂಡೆಯ ದಾರಿ ಕವಲೊಡೆಯುವಲ್ಲಿರುವ ಪೆರೇಸಂದ್ರವು ಚಿಕ್ಕಬಳ್ಳಾಪುರ ತಾಲ್ಲೂಕಿನ ಗ್ರಾಮ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ ಮತ್ತು ತೆಲುಗು ಒಟ್ಟಿಗೆ ಬಾಳುತ್ತ ಬಂದಿವೆ. ಕಸುಬಿನ ಪದಗಳನ್ನು ಎರಡು ಭಾಷೆಗಳಲ್ಲಿ ಜೊತೆಯಾಗಿಟ್ಟು ನೋಡಲು ಇಂತಹ ಗಡಿಸೀಮೆ ಅನುಕೂಲವಾದುದು. ಕ್ಷೌರಿಕನ ಸಲಕರಣೆಗಳ ಚೀಲಕ್ಕೆ ಕನ್ನಡದಲ್ಲಿ ಅಡಪ ಅಥವಾ ಹಡಪ ಎಂದೂ ತೆಲುಗಿನಲ್ಲಿ ಅಡಪಮು ಎಂದೂ ಹೆಸರು. ತಮಿಳಿನ ಅಡೈಪ್ಪೈ ಎಂಬ ರೂಪವನ್ನು ಗಮನಿಸಿದರೆ ಇದು ಮೂಲತಃ ವೀಳ್ಯದೆಲೆಯ ಚೀಲವೆಂಬುದು ಸ್ಪಷ್ಟವಾಗುತ್ತದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿರುವುದು ಈ ತಾಂಬೂಲದ ಹಡಪವೇ. ಮುಂದೆ ಅದೇ ಪದ ಕ್ಷೌರಿಕ ಸಮುದಾಯದ ಹೆಸರಾಗಿಯೂ ನಿಂತಿತು.

ಈ ಚೀಲಕ್ಕೆ ತಡವಾಗಿ ಬಂದು ಸೇರಿದ ವಸ್ತು ಕುಂಚ. ನೀರು ಹಚ್ಚಿ ಕೈಯಿಂದ ತಿಕ್ಕಿ ಗಡ್ಡವನ್ನು ನೆನೆಸುವುದು ಹಳೆಯ ಕ್ರಮ. ನೊರೆಗಟ್ಟುವ ಸಾಬೂನಿನೊಡನೆ ಕುಂಚ ಬಳಕೆಗೆ ಬಂದಿತು. ಅದರಲ್ಲಿರುವುದು ಎರಡೇ ಭಾಗ: ಕಡೆದ ಮರದ ಹಿಡಿ ಮತ್ತು ಕಟ್ಟಿದ ಕೂದಲ ಗೊಂಚಲು. ಕುಂಚ ತಯಾರಿಕೆಯೇ ಪ್ರತ್ಯೇಕ ಕಸುಬಾಗಿ ಈ ಸೀಮೆಯಲ್ಲಿ ಪ್ರಸಿದ್ಧವಲ್ಲ. ಆದರೆ ಹಿಡಿಯನ್ನು ಕಡೆಯುವ ವಿದ್ಯೆಯ ಸಮೀಪದ ಪರಂಪರೆ ಕರ್ನಾಟಕದಲ್ಲಿಯೇ, ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಇದೆ. 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಕಲೆಯನ್ನು ಆಧಾರವಾಗಿಟ್ಟುಕೊಂಡು ಕುಂಚದ ರಚನೆಯನ್ನು ವಿವರಿಸಬಹುದು.

ಚನ್ನಪಟ್ಟಣದ ಕುಶಲಕರ್ಮಿಗಳು ಹೆಚ್ಚಾಗಿ ಬಳಸುವುದು ಆಲೆ ಮರವನ್ನು. ಇದರ ಬಣ್ಣ ಬಿಳುಪು; ಎಳೆ ಸಮವಾಗಿರುವುದರಿಂದ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಿಡವನ್ನು ಗಾಯಗೊಳಿಸಿದರೆ ಹಾಲು ಒಸರುತ್ತದೆ. ತಮಿಳಿನ ಪಾಲೈ, ತೆಲುಗಿನ ಪಾಲ ಎಂಬ ರೂಪಗಳೊಡನೆ ಹೋಲಿಸಿದಾಗ ಪಾಲೆ, ಹಾಲೆ, ಆಲೆ ಎಂಬ ಮೂರು ಹಂತಗಳು ಕಾಣುತ್ತವೆ. ಪಕಾರ ಹಕಾರವಾಗಿ, ಆಡುಮಾತಿನಲ್ಲಿ ಹಕಾರವೂ ಲೋಪವಾಗಿದೆ. ಇದೇ ಮರದ ಇನ್ನೊಂದು ಹೆಸರಾದ ಬೆಪ್ಪಾಲೆಯಲ್ಲಿ, ಸಮಾಸದ ಉತ್ತರಪದವಾದ ಕಾರಣ, ಪಕಾರ ಉಳಿದುಕೊಂಡಿದೆ. ಹಡಪ ಪದದಲ್ಲಿ ನಡೆದಿರುವುದು ಇದಕ್ಕೆ ವಿರುದ್ಧವಾದ ಕ್ರಿಯೆ: ಅಲ್ಲಿ ಮೂಲದಲ್ಲಿಲ್ಲದ ಹಕಾರ ಬಂದು ಸೇರಿದೆ.

ಹಸಿ ಮರ ಒಣಗುವಾಗ ಕುಗ್ಗಿ ಸೀಳುವುದರಿಂದ ತುಂಡುಗಳನ್ನು ಮೊದಲು ನೆರಳಿನಲ್ಲಿ ಒಣಗಿಸಬೇಕು. ಅನಂತರ ತುಂಡನ್ನು ಎರಡು ಮೊನೆಗಳ ನಡುವೆ ನಿಲ್ಲಿಸಿ, ಬಿಲ್ಲಿನ ಹುರಿಯನ್ನು ಸುತ್ತಿ, ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುವುದು ಹಳೆಯ ವಿಧಾನ. ಉಳಿ ಒಂದು ದಿಕ್ಕಿನ ಸುತ್ತಿನಲ್ಲಿ ಮಾತ್ರ ಮರವನ್ನು ಕೊರೆಯುತ್ತದೆ. ಮರುಸುತ್ತಿನಲ್ಲಿ ಅದನ್ನು ತುಸು ಹಿಂದೆಗೆಯಬೇಕು. ಈ ಕ್ರಿಯೆಗೆ ಕನ್ನಡದಲ್ಲಿ ಇರುವ ಧಾತು ‘ಕಡೆ’. ಮಜ್ಜಿಗೆಯನ್ನು ಕಡೆಯುವುದಕ್ಕೂ ಕಂಬವನ್ನು ಕಡೆಯುವುದಕ್ಕೂ ಒಂದೇ ಧಾತುವಿರುವುದು ನಿಘಂಟನ್ನು ಮಾತ್ರ ಓದಿದವರಿಗೆ ವಿಚಿತ್ರವೆನಿಸಬಹುದು. ಕಡೆಗೋಲಿಗೆ ಸುತ್ತಿದ ಹಗ್ಗವನ್ನು ಎರಡೂ ಕೈಗಳಿಂದ ಎಳೆಯುವುದನ್ನು ಕಂಡವರಿಗೆ ಇವೆರಡೂ ಒಂದೇ ಚಲನೆಯೆಂದು ತಿಳಿಯುತ್ತದೆ. ವಿದ್ಯುತ್ ಯಂತ್ರದಲ್ಲಿ ಮರ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಪದ ಉಳಿದಿದ್ದರೂ ಆ ಎರಡು ಅರ್ಥಗಳನ್ನು ಬೆಸೆದಿದ್ದ ದೃಶ್ಯ ಅಲ್ಲಿಲ್ಲ.

ಐದಾರು ಸೆಂಟಿಮೀಟರ್ ಎತ್ತರದ ಹಿಡಿಗೆ ನಡುವೆ ಬೆರಳು ನಿಲ್ಲುವಂತೆ ಸಣ್ಣ ಸೊಂಟ ಬಿಟ್ಟು, ತಲೆಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಅಗಲದ ಗುಳಿ ತೋಡಲಾಗುತ್ತದೆ. ಬೊಂಬೆಗಾದರೆ ಇಲ್ಲಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹರಡುತ್ತದೆ. ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಕುಂಚಕ್ಕೆ ಈ ಲೇಪ ಅಷ್ಟಾಗಿ ಒಪ್ಪದು. ಅರಗು ಬಿಸಿನೀರಿಗೆ ಮೆದುವಾಗುತ್ತದೆ, ಸಾಬೂನಿನ ಕ್ಷಾರಕ್ಕೆ ಸವೆಯುತ್ತದೆ. ಆದ್ದರಿಂದ ಒಣಗಿ ಗಟ್ಟಿಯಾಗುವ ಅಗಸೆ ಎಣ್ಣೆಯಂತಹುದನ್ನು ಹಲವು ಬಾರಿ ಕುಡಿಸುವುದು ಲೇಸು. ಗುಳಿಯ ಒಳಮೈಗೂ ನೀರು ತಾಗದಂತೆ ಲೇಪ ಬೇಕು.

ಗೊಂಚಲಿಗೆ ಹಂದಿ, ಕುದುರೆ ಮೊದಲಾದ ಪ್ರಾಣಿಗಳ ಕೂದಲು ಬಳಕೆಯಲ್ಲಿದೆ. ಮೊದಲ ಮಹಾಯುದ್ಧದ (1914–18) ಕಾಲದಲ್ಲಿ ಸೋಂಕಿದ ಕೂದಲಿನ ಅಗ್ಗದ ಕುಂಚಗಳಿಂದ ಬ್ರಿಟನ್ ಮತ್ತು ಅಮೆರಿಕದ ಸೈನಿಕರಿಗೆ ಆಂಥ್ರಾಕ್ಸ್, ಅಂದರೆ ನೆರಡಿ ರೋಗ, ತಗುಲಿತ್ತು. ಆದ್ದರಿಂದ ಕೂದಲನ್ನು ಚೆನ್ನಾಗಿ ತೊಳೆದು ಸೋಂಕು ನೀಗಿಸುವುದು ಮೊದಲ ಕೆಲಸ. ಬಾಚಿ, ತುದಿಗಳೆಲ್ಲ ಒಂದೇ ಕಡೆಗೆ ಬರುವಂತೆ ಜೋಡಿಸಿ, ಗುಂಡುತಳದ ಅಚ್ಚಿನಲ್ಲಿ ತುದಿ ಕೆಳಗಾಗಿ ನಿಲ್ಲಿಸಿದರೆ ಗೊಂಚಲಿಗೆ ಗುಮ್ಮಟದ ಆಕಾರ ಬರುತ್ತದೆ. ಬುಡವನ್ನು ದಾರದಿಂದ ಬಿಗಿದು, ಅಂಟಿನಿಂದ ಗುಳಿಯಲ್ಲಿ ಕೂರಿಸಲಾಗುತ್ತದೆ. ಕತ್ತರಿಸಬೇಕಾದುದು ಬುಡವನ್ನೇ ಹೊರತು ತುದಿಯನ್ನಲ್ಲ. ಕತ್ತರಿಸಿದ ತುದಿ ಮುಖಕ್ಕೆ ಚುಚ್ಚುತ್ತದೆ.

ಕುಂಚ ಪದವನ್ನು ಸಂಸ್ಕೃತದ ಕೂರ್ಚದ ತದ್ಭವವೆಂದು ಗ್ರಹಿಸಲಾಗುತ್ತದೆ. ಕೂರ್ಚಕ್ಕೆ ಕಟ್ಟು, ಗೊಂಚಲು ಎಂಬ ಅರ್ಥದೊಡನೆ ಗಡ್ಡವೆಂಬ ಅರ್ಥವೂ ಉಂಟು. ಚಿತ್ರಕಾರನ ಕುಂಚ, ಜೈನ ಮುನಿಗಳ ನವಿಲುಗರಿಯ ಕುಂಚ ಎರಡಕ್ಕೂ ಈ ಪದ ಸಂದಿದೆ. ಕ್ಷೌರದ ಸಾಧನ ಮಾತ್ರ ಬಳಕೆಯಲ್ಲಿ ‘ಬ್ರಷ್’ ಆಗಿಯೇ ಉಳಿದಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಕಾವ್ಯ ಮತ್ತು ಶಾಸನಗಳ ಪ್ರಯೋಗಗಳಿಗೆ ಅದು ದೊಡ್ಡ ಆಧಾರ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ಸಂಪಾದಕತ್ವದ ಮಾಂಡಲಿಕ ವೃತ್ತಿ ಪದಕೋಶದ ಮೊದಲ ಸಂಪುಟವು, ವ್ಯವಸಾಯವನ್ನು ಕುರಿತು, 1962ರಲ್ಲಿಯೇ ಹೊರಬಂದಿತು. ಅದರ ಸಾಮಗ್ರಿ ಕಸುಬಿನವರ ಬಾಯಿಮಾತಿನಿಂದ ಸಂಗ್ರಹವಾದುದು. ಪೆರೇಸಂದ್ರದಂತಹ ಗಡಿಸೀಮೆಯಲ್ಲಿ ಎರಡೂ ಭಾಷೆಗಳ ಕಸುಬುದಾರರಿಂದ ಪದವನ್ನು ಅದರ ಕ್ರಿಯೆಯೊಡನೆ ದಾಖಲಿಸುವ ಕಾರ್ಯ ತಡವಾಗಬಾರದು. ಬಿಲ್ಲಿನ ಹುರಿಯನ್ನು ಕೈಯಾರೆ ಎಳೆದು ಮರ ಕಡೆದವರು ಇರುವಾಗಲೇ ‘ಕಡೆ’ ಧಾತುವಿನ ಎರಡು ಅರ್ಥಗಳ ಸಂಬಂಧವನ್ನು ಅವರಿಂದ ಕೇಳಿ ಬರೆದುಕೊಳ್ಳಲು ಸಾಧ್ಯ.